ಮೊದಲು 'ಫೀಡೋ' ಓದಬೇಕೋ, 'ಡಿ ಅನಿಮಾ'ವೋ?

ಆತ್ಮ ಮತ್ತು ದೇಹದ ಬಗ್ಗೆ ಗ್ರೀಕರ ವಿಚಾರ ಓದಲು ಹೊರಟಿದ್ದರೆ, ಮೊದಲು ಪ್ಲೇಟೋನ 'ಫೀಡೋ' ಹಿಡಿಯಿರಿ.

ಕ್ರಿ.ಪೂ. 399. ಅಥೆನ್ಸಿನ ಸೆರೆಮನೆಯಲ್ಲಿ ಸಾಕ್ರಟೀಸನ ಕೊನೆಯ ದಿನ. ವಿಷ ಕುಡಿಯುವವರೆಗೂ ಗೆಳೆಯರ ಜೊತೆ ಚರ್ಚೆ. ದೇಹ ಸತ್ತರೂ ಆತ್ಮ ಉಳಿಯುತ್ತದೆ ಎಂಬುದು ಅವನ ವಾದ. ಆ ಗೆಳೆಯರಲ್ಲೊಬ್ಬನಾದ ಸಿಮಿಯಾಸ್ ಸುಮ್ನೆ ಒಪ್ಪುವುದಿಲ್ಲ. ಲೈರ್ ವಾದ್ಯ ಮುರಿದರೆ ಅದರ ಶ್ರುತಿಯೂ ಹೋಗುತ್ತದೆ, ಆತ್ಮವೂ ಹಾಗೇ ಅಲ್ವಾ ಎನ್ನುತ್ತಾನೆ. ಸಾಯಲಿರುವವನ ಮುಂದೆಯೇ ಈ ಪ್ರಶ್ನೆ! ಸಾಕ್ರಟೀಸ್ ಬೇಸರಿಸದೆ ಉತ್ತರ ಕೊಡುತ್ತಾನೆ. ಶ್ರುತಿ ವಾದ್ಯವನ್ನು ಆಳುವುದಿಲ್ಲ, ಆತ್ಮ ಮಾತ್ರ ದೇಹದ ಹಸಿವು ಬಾಯಾರಿಕೆಗೆ ಎದುರು ನಿಲ್ಲಬಲ್ಲದು ಎನ್ನುತ್ತಾನೆ. ಅವನ ಎಲ್ಲ ವಾದಗಳೂ ನನಗೆ ಗಟ್ಟಿ ಎನಿಸಿಲ್ಲ. ಆದರೂ ಈ ಭಾಗ ಮನಸ್ಸಿನಿಂದ ಹೋಗುವುದಿಲ್ಲ.

ಅರಿಸ್ಟಾಟಲನ 'ಡಿ ಅನಿಮಾ'ದಲ್ಲಿ ಕಥೆಯಿಲ್ಲ. ಇರುವ ಮೂರು ಭಾಗಗಳಲ್ಲಿ ಮೊದಲನೆಯದು ಬಹುತೇಕ ಹಿಂದಿನವರ ಅಭಿಪ್ರಾಯಗಳ ವಿಮರ್ಶೆ. ನೇರ ಎರಡನೆಯದಕ್ಕೆ ಹೋಗಿ. ಆತ್ಮ ದೇಹದೊಳಗೆ ಕೂತ ಬೇರೆ ವಸ್ತುವಲ್ಲ, ಜೀವವಿರುವ ದೇಹದ ರೂಪವೇ (ಹೊರನೋಟವಲ್ಲ, ದೇಹವನ್ನು ಜೀವಂತವಾಗಿಸುವ ಶಕ್ತಿ) ಅದು ಎನ್ನುತ್ತಾನೆ. ಕಣ್ಣೇ ಒಂದು ಪ್ರಾಣಿಯಾಗಿದ್ದರೆ ನೋಟವೇ ಅದರ ಆತ್ಮವಂತೆ! ಹಾಗಾಗಿ ಗಿಡಕ್ಕೂ ಆತ್ಮವಿದೆ: ಆಹಾರ ಪಡೆದು ಬೆಳೆಯುವ ಶಕ್ತಿ.

ಸಾವಿನ ಪ್ರಶ್ನೆ ಕಾಡುತ್ತಿದ್ದರೆ ಪ್ಲೇಟೋ. ಜೀವಿಗಳ ಬಗ್ಗೆ ಕುತೂಹಲ ಜಾಸ್ತಿ ಇದ್ದರೆ ಅರಿಸ್ಟಾಟಲ್. ಆದರೆ ಅವನ ಮೂರನೆಯ ಭಾಗದ ಐದನೆಯ ಅಧ್ಯಾಯವನ್ನು ಕೊನೆಗೆ ಇಟ್ಟುಕೊಳ್ಳಿ. ಬುದ್ಧಿ ದೇಹದಿಂದ ಬೇರೆಯಾಗಿ ಇರಬಲ್ಲದೇ ಎಂಬ ಆ ಕೆಲವೇ ಸಾಲುಗಳ ಬಗ್ಗೆ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ.