ಕೋಲ್ಡ್ ಸ್ಟೋರೇಜ್ ಸೆನ್ಸರ್‌ಗಳಿಗೆ ಯಾವ ಕಾವಲು? ಡಿಸಿಷನ್ ಟ್ರೀ, ಐಸೊಲೇಷನ್ ಫಾರೆಸ್ಟ್, ಆಟೋಎನ್‌ಕೋಡರ್ ಹೋಲಿಕೆ

ಸೆನ್ಸರ್ ಜಾಲದ ಮೇಲಿನ ಸೈಬರ್ ದಾಳಿಯನ್ನು ಅದರ ನೆಟ್‌ವರ್ಕ್ ದಟ್ಟಣೆ ನೋಡಿ ಹಿಡಿಯಲು ಈ ಮೂರು ಮಷೀನ್ ಲರ್ನಿಂಗ್ ಮಾಡೆಲ್‌ಗಳಲ್ಲಿ ಯಾವುದು ಸರಿ ಎಂಬುದು ಇಲ್ಲಿನ ಪ್ರಶ್ನೆ. ಹೋಲಿಕೆಗೆ ತೆಗೆದುಕೊಂಡ ಜೋಡಣೆ ಮಲ್ಪೆ ಬಂದರಿನ ಮೀನಿನ ಕೋಲ್ಡ್ ಸ್ಟೋರೇಜ್‌ಗೆ ಹೊಂದುವಂಥದ್ದು: 15 ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಮೈಕ್ರೋಕಂಟ್ರೋಲರ್), ಒಂದೊಂದಕ್ಕೂ ಡಿಎಸ್18ಬಿ20 ತಾಪಮಾನ ಸೆನ್ಸರ್ ಮತ್ತು ಬಾಗಿಲು ತೆರೆದಿದೆಯೇ ಎಂದು ತಿಳಿಸುವ ರೀಡ್ ಸ್ವಿಚ್, ಗೇಟ್‌ವೇ ಆಗಿ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ವೈಫೈ ಆಕ್ಸೆಸ್ ಪಾಯಿಂಟ್, ಎಂಕ್ಯೂಟಿಟಿ ಬ್ರೋಕರ್ (ಸೆನ್ಸರ್‌ಗಳ ಸಂದೇಶ ಪಡೆದು ಹಂಚುವ ತಂತ್ರಾಂಶ) ಎರಡೂ ಪೈ ಮೇಲೆಯೇ. ಸೆನ್ಸರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಅಗತ್ಯ ಇಲ್ಲ; ಆಕ್ಸೆಸ್ ಪಾಯಿಂಟ್‌ನಲ್ಲಿ ಕ್ಲೈಂಟ್ ಐಸೊಲೇಷನ್ ಹಾಕಿಬಿಡಿ. ಹಾಕದಿದ್ದರೆ ಒಂದು ಬೋರ್ಡ್ ಇನ್ನೊಂದಕ್ಕೆ ಕಳಿಸಿದ ಪ್ಯಾಕೆಟ್ ವೈಫೈ ಪದರದಲ್ಲೇ ತಿರುಗಿ ಹೋಗುತ್ತದೆ, ಪೈ ಮೇಲಿನ ಕ್ಯಾಪ್ಚರ್‌ಗೆ ಸಿಗುವುದೇ ಇಲ್ಲ.

ಯಾವ ಮಾಡೆಲ್ ಎಂದು ಕೇಳುವ ಮೊದಲು ಅದು ಎಲ್ಲಿ ಓಡಬೇಕು ಎಂದು ಕೇಳಬೇಕು. ಬ್ಯಾಟರಿ ಬೋರ್ಡ್ 10 ನಿಮಿಷಕ್ಕೊಮ್ಮೆ ಎದ್ದು, 5 ಸೆಕೆಂಡ್ ಕೆಲಸ ಮಾಡಿ, ಮಲಗುತ್ತದೆ ಎಂದಿಟ್ಟುಕೊಳ್ಳಿ. ಎದ್ದಾಗ ಸರಾಸರಿ 100 ಮಿಲಿಆಂಪ್ ಎಳೆದರೆ ದಿನಕ್ಕೆ 20 ಮಿಲಿಆಂಪ್-ಗಂಟೆ. ಅದೇ ಬೋರ್ಡ್ ದಾಳಿಗಾಗಿ ಸದಾ ಕಿವಿಗೊಟ್ಟು ಕೂತರೆ ದಿನಕ್ಕೆ 2,400. 2,600 ಮಿಲಿಆಂಪ್-ಗಂಟೆಯ ಒಂದು 18650 ಲಿಥಿಯಂ ಸೆಲ್ ಮರುದಿನವೇ ಖಾಲಿ. ಹಾಗಾಗಿ ಬ್ಯಾಟರಿ ಇರುವ ಕಡೆ ಮಾಡೆಲ್ ಗೇಟ್‌ವೇಯಲ್ಲೇ ಇರಬೇಕು, ಇದರಲ್ಲಿ ಎರಡು ಮಾತಿಲ್ಲ.

ಮಷೀನ್ ಲರ್ನಿಂಗ್‌ಗೂ ಮುಂಚೆ ಒಂದು ಸಾದಾ ನಿಯಮ ಬೇಕು. ಈ ಬೋರ್ಡ್‌ಗಳಿಗೆ ಬೇಕಾದ ಪೋರ್ಟ್‌ಗಳು ಇಷ್ಟೇ: ಬ್ರೋಕರ್‌ನ 8883, ಡಿಎನ್‌ಎಸ್‌ನ 53, ಸಮಯಕ್ಕೆ 123, ವಿಳಾಸ ಪಡೆಯಲು ಡಿಎಚ್‌ಸಿಪಿ. ಉಳಿದದ್ದನ್ನೆಲ್ಲ ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ತಡೆದು ಎಚ್ಚರಿಕೆ ಕೊಡಿಸಿ. 2016ರಲ್ಲಿ ಹರಡಿದ ಮಿರಾಯ್ ಎಂಬ ಮಾಲ್‌ವೇರ್ 23 ಮತ್ತು 2323 ಪೋರ್ಟ್‌ಗಳಲ್ಲಿ ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೆಯ ದಾರಿ) ಹುಡುಕಿ, ಕಂಪನಿಯಿಂದ ಬಂದ ಪಾಸ್‌ವರ್ಡ್‌ಗಳನ್ನೇ ಒತ್ತಿ ನೋಡುತ್ತಿತ್ತು. ಸೋಂಕು ತಗುಲಿದ ಸಾಧನ ಅಂಥ ಹುಡುಕಾಟಕ್ಕೆ ಇಳಿದರೆ ಹಿಡಿಯಲು ಈ ನಾಲ್ಕು ಸಾಲು ಸಾಕು. ಮಾಡೆಲ್ ಬೇಕಾಗುವುದು ಅನುಮತಿ ಇರುವ ದಾರಿಯಲ್ಲೇ ನಡೆಯುವ ಕೇಡಿಗೆ: ಬ್ರೋಕರ್‌ಗೆ ಸಂದೇಶಗಳ ಪ್ರವಾಹ, ಪಾಸ್‌ವರ್ಡ್ ಊಹಿಸಲು ಮತ್ತೆ ಮತ್ತೆ ಕನೆಕ್ಟ್, ಡಿಎನ್‌ಎಸ್ ಪ್ರಶ್ನೆಗಳೊಳಗೆ ಅಡಗಿಸಿ ಡೇಟಾ ಸಾಗಿಸುವುದು.

ಮೂರೂ ಮಾಡೆಲ್‌ಗೆ ಕೊಟ್ಟ ಫೀಚರ್‌ಗಳು (ಅಳೆದ ಲಕ್ಷಣಗಳು) ಒಂದೇ. ಪ್ರತಿ ಬೋರ್ಡ್‌ಗೆ 60 ಸೆಕೆಂಡಿನ ಕಿಟಕಿ, ಎಂದರೆ ಒಮ್ಮೆಗೆ ಅಳೆಯುವ ಅವಧಿ. ಅದರಲ್ಲಿ ಹೋದ-ಬಂದ ಪ್ಯಾಕೆಟ್, ಬೈಟ್, ಸರಾಸರಿ ಗಾತ್ರ, ಪ್ಯಾಕೆಟ್‌ಗಳ ನಡುವಿನ ಅಂತರದ ಏರಿಳಿತ, ಉತ್ತರ ಬಾರದ ಸಿನ್ (ಸಂಪರ್ಕ ಕೋರುವ ಪ್ಯಾಕೆಟ್), ಡಿಎನ್‌ಎಸ್ ಪ್ರಶ್ನೆಗಳ ಸಂಖ್ಯೆ ಮತ್ತು ಉದ್ದ, ಬ್ರೋಕರ್ ಲಾಗ್‌ನಿಂದ ಕನೆಕ್ಟ್‌ಗಳ ಎಣಿಕೆ, ಹೀಗೆ 20. ಐಪಿ ವಿಳಾಸವನ್ನು ಮಾತ್ರ ಫೀಚರ್ ಮಾಡಬೇಡಿ. ಮಾಡೆಲ್ ದಾಳಿಯನ್ನು ಬಿಟ್ಟು ಲ್ಯಾಬಿನ ದಾಳಿಕೋರನ ವಿಳಾಸವನ್ನು ಕಲಿತುಬಿಡುತ್ತದೆ.

ಒಂದೊಂದು ಫೀಚರ್ ಮೇಲೆ ಹೌದು-ಇಲ್ಲ ಪ್ರಶ್ನೆ ಕೇಳುತ್ತ ಕವಲೊಡೆಯುವ ಡಿಸಿಷನ್ ಟ್ರೀ ಮೂರರಲ್ಲೂ ಹಗುರ. ಆಳ 6 ಎಂದರೆ ಹೆಚ್ಚೆಂದರೆ 63 ಕವಲು, 64 ಎಲೆ. ಎಮ್‌ಲರ್ನ್‌ನಂಥ ಸಾಧನದಿಂದ ಸಿ ಕೋಡ್ ಆಗಿ ಇಳಿಸಿದರೆ ಮೈಕ್ರೋಕಂಟ್ರೋಲರ್‌ಗೂ ಭಾರವಲ್ಲ. ಏಕೆ ಎಚ್ಚರಿಸಿತು ಎಂದು ಕವಲು ಓದಿ ಹೇಳಬಹುದು, ಇದು ದೊಡ್ಡ ಗುಣ. ತೊಂದರೆ ಇರುವುದು ಕಲಿಸುವ ಡೇಟಾದಲ್ಲಿ; ಇದಕ್ಕೆ ದಾಳಿ, ಸಹಜ ಎಂದು ಗುರುತು ಹಾಕಿದ ಮಾದರಿಗಳು ಬೇಕು. ಬಾಟ್-ಐಒಟಿ ಡೇಟಾಸೆಟ್‌ನಲ್ಲಿ 7 ಕೋಟಿಗೂ ಮೀರಿದ ದಾಖಲೆಗಳಿವೆ, ಸಹಜವಾದವು 9,543 ಮಾತ್ರ. ಕಣ್ಣು ಮುಚ್ಚಿ 'ಎಲ್ಲವೂ ದಾಳಿ' ಎಂದರೂ ನಿಖರತೆ 99.98 ಶೇಕಡಾ ದಾಟುತ್ತದೆ! ಜೊತೆಗೆ ಕಿಟಕಿಗಳನ್ನು ಚೆಲ್ಲಾಪಿಲ್ಲಿ ಮಾಡಿ ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಒಂದೇ ದಾಳಿಯ ಅಕ್ಕಪಕ್ಕದ ನಿಮಿಷಗಳು ಎರಡೂ ಕಡೆ ಕೂರುತ್ತವೆ, ಅಂಕ ಸುಳ್ಳೇ ಏರುತ್ತದೆ. ದಿನಾಂಕದ ಗೆರೆ ಎಳೆದು ಹಂಚಿ. ಅಷ್ಟು ಮಾಡಿದ ಮೇಲೂ ಟ್ರೀ ತಾನು ಕಂಡ ದಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಕಾಣದ್ದನ್ನು ಬಿಡುತ್ತದೆ.

ಐಸೊಲೇಷನ್ ಫಾರೆಸ್ಟ್‌ಗೆ ದಾಳಿಯ ಮಾದರಿ ಬೇಡ; ಯಾದೃಚ್ಛಿಕ ಕವಲುಗಳಲ್ಲಿ ಬೇಗ ಒಂಟಿಯಾಗುವ ಕಿಟಕಿಯನ್ನೇ ಅಸಹಜ ಎನ್ನುತ್ತದೆ. 100 ಮರ, ಮರಕ್ಕೆ 256 ಮಾದರಿ ಎಂಬ ರೂಢಿಯ ಅಳತೆಯಲ್ಲೇ ಪೈ ಮೇಲೆ ಸಲೀಸಾಗಿ ಕಲಿಯುತ್ತದೆ. ಆದರೆ ಒಂದು ಕವಲಿಗೆ ಒಂದೇ ಫೀಚರ್ ನೋಡುವುದರಿಂದ, ಪ್ಯಾಕೆಟ್ ಸಂಖ್ಯೆಯೂ ಸಹಜ, ಬೈಟೂ ಸಹಜ, ಎರಡರ ಅನುಪಾತ ಮಾತ್ರ ವಿಚಿತ್ರ ಎನ್ನುವಂಥದ್ದು ನುಣುಚಿಕೊಳ್ಳುತ್ತದೆ. ಅನುಪಾತವನ್ನೇ ಒಂದು ಫೀಚರ್ ಮಾಡಿ ಕೊಟ್ಟರೆ ಸುಧಾರಿಸುತ್ತದೆ. ಬೇಗ ಶುರು ಮಾಡಬೇಕಾದವರಿಗೆ ಇದೇ ಸರಿ.

ನಮ್ಮ ಆಯ್ಕೆ ಆಟೋಎನ್‌ಕೋಡರ್, ಪ್ರತಿ ಬೋರ್ಡ್‌ಗೂ ಒಂದು. ಫೀಚರ್‌ಗಳನ್ನು ಕುಗ್ಗಿಸಿ ಮತ್ತೆ ಹಾಗೆಯೇ ಕಟ್ಟಲು ಕಲಿಯುವ ಪುಟ್ಟ ನ್ಯೂರಲ್ ನೆಟ್‌ವರ್ಕ್ ಇದು. 20-12-6-12-20 ಪದರಗಳಿಗೆ ಬಯಾಸ್ ಸೇರಿ 674 ತೂಕಗಳು, ಇನ್‌ಟ್8ನಲ್ಲಿ (ತೂಕಕ್ಕೆ ಒಂದು ಬೈಟ್) ಒಂದು ಕಿಲೋಬೈಟ್‌ನೊಳಗೆ. ಸಹಜ ದಟ್ಟಣೆಯನ್ನು ಮರುರಚಿಸಲು ಕಲಿಸಿ, ಕಲಿಕೆಗೆ ಬಳಸದ ದಿನಗಳ ಮರುರಚನೆ ದೋಷದಲ್ಲಿ 99.5ನೇ ಪರ್ಸೆಂಟೈಲ್ ಅನ್ನು ಗಡಿ ಮಾಡಿ; ದೋಷ ಅದನ್ನು ದಾಟಿದರೆ ಅಸಹಜ. ಫೀಚರ್‌ಗಳ ನಡುವಿನ ನಂಟನ್ನು ಇದು ತಾನೇ ಹಿಡಿಯುತ್ತದೆ. ಎಡವುವುದು ಸಣ್ಣ ಕಡೆಗಳಲ್ಲಿ. ಎಣಿಕೆಗಳನ್ನು ಮೊದಲು ಲಾಗರಿದಮ್‌ಗೆ ಇಳಿಸದಿದ್ದರೆ ಬೈಟ್‌ಗಳ ಫೀಚರ್ ಒಂದೇ ಎಲ್ಲವನ್ನೂ ನುಂಗುತ್ತದೆ. ಕಲಿಕೆಯುದ್ದಕ್ಕೂ ಬದಲಾಗದ ಫೀಚರ್‌ನ ವಿಚಲನೆ ಸೊನ್ನೆ. ಫೀಚರ್‌ಗಳ ಅಳತೆ ಸಮ ಮಾಡಲು ಸಿ ಕೋಡ್‌ನಲ್ಲಿ ಅದರಿಂದ ಭಾಗಿಸಿದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ, ಕನಿಷ್ಠ ಮಿತಿಯೊಂದನ್ನು ಇಡಿ. ಇನ್‌ಟ್8ಗೆ ಇಳಿಸಿದ ಮೇಲೆ ದೋಷದ ಹಂಚಿಕೆಯೇ ಬದಲಾಗುತ್ತದೆ, ಹಳೆಯ ಗಡಿಯನ್ನು ಉಳಿಸಿಕೊಳ್ಳದೆ ಹೊಸದಾಗಿ ಲೆಕ್ಕ ಹಾಕಿ. ಡೇಟಾ ಕೂಡಿಸುವ ಮೊದಲು ಎಲ್ಲ ಬೋರ್ಡ್‌ಗೂ ಫರ್ಮ್‌ವೇರ್ ಮತ್ತೆ ಬರೆಯಿರಿ. ಸೋಂಕಿತ ಬೋರ್ಡ್ ಒಂದಿದ್ದರೆ ಆ ಸೋಂಕೇ ಅದರ 'ಸಹಜ' ಆಗುತ್ತದೆ.

ಗಡಿ ಎಲ್ಲಿಡಬೇಕು ಎನ್ನುವುದಕ್ಕೆ ಲೆಕ್ಕ ಹೀಗೆ. ದಿನಕ್ಕೆ ಒಂದು ಬೋರ್ಡ್‌ಗೆ 1,440 ಕಿಟಕಿ, 15ಕ್ಕೆ 21,600. ತಪ್ಪು ಎಚ್ಚರಿಕೆ ಶೇ. 0.5 ಎಂದರೂ ದಿನಕ್ಕೆ 108. ಮೂರನೇ ದಿನ ಯಾರೂ ಫೋನ್ ನೋಡುವುದಿಲ್ಲ. ಸತತ 5 ಕಿಟಕಿಗಳಲ್ಲಿ 3 ಗಡಿ ದಾಟಿದರೆ ಮಾತ್ರ ಎಚ್ಚರಿಸಿ. ಇದರ ಬೆಲೆ ಕೆಲವು ನಿಮಿಷಗಳ ತಡ.

ಕರಾವಳಿಯಲ್ಲಿ ಈ ಮೂರಕ್ಕೂ ಸಮಾನವಾದ ಶತ್ರು ಮಳೆಗಾಲದ ಕರೆಂಟ್. ಹೋಗಿ ಬಂದ ಕ್ಷಣ 15 ಬೋರ್ಡ್‌ಗಳೂ ಒಟ್ಟಿಗೆ ವಿಳಾಸ ಕೇಳುತ್ತವೆ, ಸಮಯ ಕೇಳುತ್ತವೆ, ಬ್ರೋಕರ್‌ಗೆ ಮುಗಿಬೀಳುತ್ತವೆ; ಮಾಡೆಲ್ ಕಣ್ಣಿಗೆ ಇದು ಥೇಟ್ ದಾಳಿ. ಎಚ್ಚರಿಕೆಯನ್ನೇ ಆಗ ಆರಿಸಿಟ್ಟರೆ ದಾಳಿಕೋರನಿಗೆ ಬಾಗಿಲು ತೆರೆದಂತೆ. ಬದಲಿಗೆ ಫರ್ಮ್‌ವೇರ್‌ನಲ್ಲಿ ಮರುಸಂಪರ್ಕಕ್ಕೆ 0ರಿಂದ 90 ಸೆಕೆಂಡಿನ ಯಾದೃಚ್ಛಿಕ ವಿಳಂಬ ಹಾಕಿ, ಮತ್ತು ಮೇನ್ ಸ್ವಿಚ್ ಆರಿಸಿ ಹಾಕಿದ ನಿಮಿಷಗಳನ್ನೂ ಕಲಿಕೆಯ ಡೇಟಾಕ್ಕೆ ಸೇರಿಸಿ.

ಇನ್ನೊಂದು ನಮ್ಮ ಕರಾವಳಿಯದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಾಗಿಲು ತೆರೆಯುವುದೇ ಅಪರೂಪ, ಸಂದೇಶವೂ ಅಪರೂಪ. ಆ ಎರಡು ತಿಂಗಳ ಡೇಟಾದಿಂದ ಕಲಿತ ಮಾಡೆಲ್‌ಗೆ ಆಗಸ್ಟ್‌ನಲ್ಲಿ ಬೋಟುಗಳು ಬಂದ ದಿನ ಎಲ್ಲವೂ ಅಸಹಜ. ಕನಿಷ್ಠ ಎರಡೂ ಕಾಲದಿಂದ ಎರಡೆರಡು ವಾರ ಬೇಕು.

ಈ ಮೂರೂ ಕಾಣದ್ದು ಒಂದಿದೆ. ಕದ್ದ ಪಾಸ್‌ವರ್ಡ್‌ನಿಂದ ಯಾರೋ ಸರಿಯಾದ ಹೊತ್ತಿಗೆ, ಸರಿಯಾದ ಗಾತ್ರದಲ್ಲಿ, 'ಮೈನಸ್ 18 ಡಿಗ್ರಿ' ಎಂದು ಸುಳ್ಳು ಕಳಿಸಿದರೆ ದಟ್ಟಣೆಯಲ್ಲಿ ಏನೂ ಬದಲಾಗುವುದಿಲ್ಲ, ಒಳಗೆ ಮೀನು ಹಾಳಾಗುತ್ತಿರುತ್ತದೆ. ಇದಕ್ಕೆ ತಾಪಮಾನದ ಓದುವಿಕೆಯನ್ನೇ ಪರೀಕ್ಷಿಸಬೇಕು. ಬಾಗಿಲು ತೆರೆದು ಸರಕು ತುಂಬುವಾಗಲೂ ಕೂದಲೆಳೆಯಷ್ಟೂ ಅಲುಗದ ಓದುವಿಕೆ, ಒಂದೇ ನಿಮಿಷದಲ್ಲಿ 10 ಡಿಗ್ರಿ ಇಳಿಯುವ ಕೋಣೆ, ಎರಡೂ ನಂಬಲು ಆಗದವು. ಪ್ರತಿ ಬೋರ್ಡ್‌ಗೆ ಬೇರೆ ಪ್ರಮಾಣಪತ್ರ, ಬ್ರೋಕರ್‌ನಲ್ಲಿ ತನ್ನ ಟಾಪಿಕ್‌ಗೆ (ತನ್ನ ಸಂದೇಶಗಳ ಸಾಲಿಗೆ) ಮಾತ್ರ ಬರೆಯುವ ಅನುಮತಿ ಕೊಟ್ಟರೆ ಈ ದಾರಿ ಬಹಳ ಕಿರಿದಾಗುತ್ತದೆ.

ಎಚ್ಚರಿಕೆ ಬಂದಾಗ ಬೋರ್ಡನ್ನು ಪೂರ್ತಿ ಕಡಿದುಹಾಕಬೇಡಿ. ತಾಪಮಾನವೇ ಕಾಣದೆ ಹೋದರೆ ನಷ್ಟ ದಾಳಿಗಿಂತ ದೊಡ್ಡದಾದೀತು. ಎನ್‌ಎಫ್‌ಟೇಬಲ್ಸ್‌ನಲ್ಲಿ ಬೇರೊಂದು ಗುಂಪಿಗೆ ಸರಿಸಿ, 8883ಕ್ಕೆ ಮಾತ್ರ, ನಿಮಿಷಕ್ಕೆ 30 ಪ್ಯಾಕೆಟ್ ಮಿತಿಯಲ್ಲಿ ಬಿಡಿ. ಬೋರ್ಡ್ ಆಗಲೇ ಸಂಪರ್ಕದಲ್ಲಿದ್ದರೆ ಓದುವಿಕೆ ಬರುತ್ತಲೇ ಇರುತ್ತದೆ. ಹೊಸದಾಗಿ ಟಿಎಲ್‌ಎಸ್ ಕೈಕುಲುಕಬೇಕಾದ (ಗೂಢಲಿಪಿಯ ಸಂಪರ್ಕ ಶುರು ಮಾಡಬೇಕಾದ) ಬ್ಯಾಟರಿ ಬೋರ್ಡ್‌ಗೆ ಈ ಮಿತಿ ಬಿಗಿಯಾದರೆ ಬರ್ಸ್ಟ್ ಅನ್ನು, ಎಂದರೆ ಒಮ್ಮೆಲೇ ಬಿಡುವ ಪ್ಯಾಕೆಟ್‌ಗಳ ಸಂಖ್ಯೆಯನ್ನು, 40ಕ್ಕೆ ಏರಿಸಿ.