ಟಗ್ ಹಿಲ್ ಹಿಮಪಾತ: ಚಿತ್ರ ನೋಡಬೇಡಿ, ಬಫಲೋ ಕಚೇರಿಯ ಬರಹ ಓದಿ

ಆಡಮ್ಸ್‌ನಲ್ಲಿ ಮನೆ, ಲೋವಿಲ್‌ನಲ್ಲಿ ಕೆಲಸ. ನಡುವೆ 177ನೇ ರಸ್ತೆ ನ್ಯೂಯಾರ್ಕ್ ರಾಜ್ಯದ ಟಗ್ ಹಿಲ್ ಪ್ರಸ್ಥಭೂಮಿಯನ್ನು ಹತ್ತಿ ಇಳಿಯುತ್ತದೆ. ಚಳಿಗಾಲ ಬಂತೆಂದರೆ ನಾನು ನಂಬುವುದು ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆ ನ್ಯಾಷನಲ್ ವೆದರ್ ಸರ್ವಿಸ್‌ನ ಬಫಲೋ ಕಚೇರಿ ದಿನಕ್ಕೆ ಹಲವು ಬಾರಿ ಪ್ರಕಟಿಸುವ, ಮುನ್ಸೂಚನೆಯ ಹಿಂದಿನ ಕಾರಣಗಳನ್ನು ವಿವರಿಸುವ ‘ಏರಿಯಾ ಫೋರ್‌ಕಾಸ್ಟ್ ಡಿಸ್ಕಷನ್’ ಎಂಬ ಬರಹವನ್ನು. ಉಚಿತ, ಜಾಹೀರಾತಿಲ್ಲ.

ಮೊದಲು ಮೊಬೈಲ್‌ನ ಒಂದು ಹವಾಮಾನ ಆ್ಯಪ್ ನೋಡುತ್ತಿದ್ದೆ. ತಪ್ಪಲಿನ ಆಡಮ್ಸ್‌ಗೂ ಮೇಲಿನ ಬಾರ್ನ್ಸ್ ಕಾರ್ನರ್ಸ್‌ಗೂ ಅದು ತೋರಿಸುತ್ತಿದ್ದುದು ಹಿಮದ ಒಂದೇ ಪ್ರಮಾಣ. ಈ ಸೀಮೆಯಲ್ಲಿ ಅದು ಅಪಾಯಕಾರಿ. ಒಂಟಾರಿಯೊ ಸರೋವರದ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 75 ಮೀಟರ್. ಅದರ ಪೂರ್ವಕ್ಕಿರುವ ಟಗ್ ಹಿಲ್‌ನ ನೆತ್ತಿ 600 ಮೀಟರ್ ದಾಟುತ್ತದೆ. ಸರೋವರದ ಉದ್ದಕ್ಕೂ ಬೀಸಿ ಶಾಖವನ್ನೂ ತೇವವನ್ನೂ ಹೀರಿಕೊಂಡ ಪಶ್ಚಿಮದ ಗಾಳಿ ನೇರವಾಗಿ ಈ ಏರನ್ನೇ ಹತ್ತಬೇಕು. ಅಲ್ಲಿ ಮೋಡ ಇನ್ನಷ್ಟು ಎತ್ತರಕ್ಕೆ ಉಬ್ಬುತ್ತದೆ ಎಂದೇ ನಾನೂ ಅಂದುಕೊಂಡಿದ್ದೆ. 2013–14ರ ಚಳಿಗಾಲದಲ್ಲಿ ಸರೋವರದ ಹಿಮದ ಬಗ್ಗೆ ಇಲ್ಲಿ ನಡೆದ ‘ಓಲ್ಸ್’ (OWLeS) ಅಧ್ಯಯನ ಕಂಡದ್ದು ಬೇರೆ: ಮೋಡ ಹಾಗೆ ಉಬ್ಬುವುದಿಲ್ಲ, ಬದಲಿಗೆ ದಡದಲ್ಲಿ ಬಿಟ್ಟುಬಿಟ್ಟು ಸುರಿಯುವ ಹಿಮ ಬೆಟ್ಟದ ಮೇಲೆ ಬಿಡುವಿಲ್ಲದೆ ಒಂದೇ ಸಮನೆ ಬೀಳುತ್ತದೆ.

ಬಫಲೋದ ಬರಹದ ಬೆಲೆ ಗೊತ್ತಾಗುವುದು ವಾಯುಭಾರ ಕುಸಿತದ ಹಿಮಕ್ಕೆ ಸರೋವರವೂ ಕೈಜೋಡಿಸುವ ದಿನ. ಬರೀ ಸರೋವರದ ಹಿಮವಾದರೆ ನೀರಿಗೂ 850 ಮಿಲಿಬಾರ್ ಮಟ್ಟದ (ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ) ಗಾಳಿಗೂ ಉಷ್ಣಾಂಶದಲ್ಲಿ ಸುಮಾರು 13 ಡಿಗ್ರಿ ಸೆಲ್ಸಿಯಸ್ ಅಂತರ ಬೇಕು ಎಂಬುದು ರೂಢಿಯ ಲೆಕ್ಕ. ವಾತಾವರಣ ಮೊದಲೇ ಎತ್ತರದವರೆಗೂ ತೇವಗೊಂಡಿದ್ದರೆ ಅಷ್ಟು ಅಂತರವಿಲ್ಲದೆಯೂ ಬೆಟ್ಟದ ಮೇಲೆ ಹಿಮ ಹೆಚ್ಚುತ್ತದೆ. ವಾಯುಭಾರ ಕುಸಿತದ ಪಾಲು ಎಷ್ಟು, ಸರೋವರದ್ದೆಷ್ಟು, ಏರಿನದೆಷ್ಟು ಎಂದು ಬಿಡಿಸಿ ಹೇಳುವ ಒಂದು ಪ್ಯಾರಾ ನನಗೆ ಹತ್ತು ನಕ್ಷೆಗಳಿಗಿಂತ ಹೆಚ್ಚು.

ಗಾಳಿಯ ದಿಕ್ಕಿನ ಸಾಲನ್ನು ಮಾತ್ರ ಎರಡು ಸಲ ಓದಿ. ನೈಋತ್ಯಕ್ಕೆ ವಾಲಿದರೆ ಹಿಮದ ಪಟ್ಟಿ ವಾಟರ್‌ಟೌನ್ ಕಡೆಗೆ. ನೇರ ಪಶ್ಚಿಮವಾದರೆ ಟಗ್ ಹಿಲ್ ಮೇಲೆ. ವಾಯವ್ಯಕ್ಕೆ ತಿರುಗಿದರೆ ಆಸ್ವೀಗೊ, ಸಿರಾಕ್ಯೂಸ್ ಕಡೆಗೆ. ಪಟ್ಟಿ ಎಷ್ಟು ಕಿರಿದೆಂದರೆ, ಕೆಲವೇ ಮೈಲಿ ಸರಿದರೂ ಒಂದು ಊರಿಗೆ ಬಿಸಿಲು, ಪಕ್ಕದ ಊರಿಗೆ ಅಡಿಗಟ್ಟಲೆ ಹಿಮ.

ಇಂಚುಗಳ ಅಂಕಿಗೆ ಮಾತ್ರ ಜೋತುಬೀಳಬೇಡಿ. ಸರೋವರದ ಹಿಮ ಹಗುರ. ಒಂದು ಇಂಚು ನೀರು 20 ಇಂಚು ಹಿಮವಾಗಿ ನಿಲ್ಲುವುದುಂಟು, ಆಮೇಲೆ ಕುಸಿಯುವುದೂ ಉಂಟು. 1997ರ ಜನವರಿಯಲ್ಲಿ ಇದೇ ಬೆಟ್ಟದ ಮೊಂಟಾಗ್ಯೂನಲ್ಲಿ 24 ಗಂಟೆಗಳಲ್ಲಿ 77 ಇಂಚು ಅಳೆದರೂ, ನಿಯಮಕ್ಕಿಂತ ಹೆಚ್ಚು ಬಾರಿ ಅಳೆದು ಕೂಡಿಸಿದ್ದರಿಂದ ಅದು ರಾಷ್ಟ್ರೀಯ ದಾಖಲೆಯಾಗಲಿಲ್ಲ. ಹಾಗಾಗಿ ಕಚೇರಿಯ ಜಾಲತಾಣದಲ್ಲಿ ‘ನಿರೀಕ್ಷಿತ’ ಅಂಕಿಯ ಜೊತೆಗೆ ಸಿಗುವ ಕನಿಷ್ಠ, ಗರಿಷ್ಠ ಅಂದಾಜುಗಳನ್ನೂ ನೋಡಿ. ಎರಡರ ನಡುವೆ ಅಂತರ ದೊಡ್ಡದಿದ್ದರೆ ನಾನು ಬೆಟ್ಟದ ದಾರಿ ಬಿಟ್ಟು ವಾಟರ್‌ಟೌನ್ ಸುತ್ತಿಕೊಂಡು ಹೋಗುತ್ತೇನೆ.

ಭಾಷೆ ತಾಂತ್ರಿಕ, ಹೊಸಬರಿಗೆ ಕೆಲವು ವಾರ ಕಷ್ಟ. ಆದರೂ ಈ ಬರಹಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಓದುವಾಗ ಹಿಂದಿನ ದಿನದ ಬರಹವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅಂದಾಜು ಯಾವ ಕಡೆಗೆ ಸರಿಯುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.