ಆತನೋ, ಅವರೋ? ಯೂವರ್ಷನ್ ಬೈಬಲ್ ಆಪ್‌ನ ಎರಡು ಕನ್ನಡ ಅನುವಾದಗಳು

ಅಮೆರಿಕದ ಲೈಫ್ ಚರ್ಚ್ 2008ರಲ್ಲಿ ಹೊರತಂದ ಯೂವರ್ಷನ್ ಬೈಬಲ್ ಆಪ್‌ಗೆ ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಅದರಲ್ಲಿ ಕನ್ನಡದ ಹಲವು ಅನುವಾದಗಳಿವೆ. ಇಲ್ಲಿ ನೋಡುತ್ತಿರುವುದು ಬೈಬಲ್ ಸೊಸೈಟಿಯ ಎರಡನ್ನು ಮಾತ್ರ: ಹಳೆಯ ಜೆ.ವಿ., ಮತ್ತು ಕಥೋಲಿಕರ ಕಿವಿಗೆ ಪರಿಚಿತ ಮಾತಿನ ಸಿ.ಎಲ್. (ಆಪ್‌ನಲ್ಲಿ ಈ ಅನುವಾದಗಳ ಗುರುತಿನ ಅಕ್ಷರಗಳು ಇವೇ). ಎರಡನ್ನೂ ತಿಕ್ಕಿ ನೋಡುವ ಒರೆಗಲ್ಲು ಒಂದೇ. ದೇವರ ಪರಿಶುದ್ಧತೆಯೂ ಕನಿಕರವೂ ಒಂದನ್ನೊಂದು ನುಂಗದೆ ಕನ್ನಡದಲ್ಲಿ ಉಳಿದಿವೆಯೇ?

ಮೊದಲು ವ್ಯಾಕರಣ, ಏಕೆಂದರೆ ಗಂಟು ಇರುವುದೇ ಅಲ್ಲಿ. ಬೈಬಲಿನ ಮೂಲ ಭಾಷೆಗಳಾದ ಹೀಬ್ರೂ, ಗ್ರೀಕ್‌ಗಳಲ್ಲಿ ನಮ್ಮಂತೆ ಗೌರವಕ್ಕೆ ಬಹುವಚನ ಬಳಸುವ ವಾಡಿಕೆಯಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಅನುವಾದಕ ಒಂದು ಕಡೆ ನಿಲ್ಲಲೇಬೇಕು. ಆದಿಕಾಂಡದ ಮೊದಲ ವಾಕ್ಯದಲ್ಲೇ ಜೆ.ವಿ.ಯ ದೇವರು 'ಉಂಟುಮಾಡಿದನು'. ಅಲ್ಲಿಂದ ಮುಂದೆ ದೇವರು 'ಆತನು'. ಸಿ.ಎಲ್.ನಲ್ಲಿ 'ಅವರು'. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಜೆ.ವಿ. 'ನಿನ್ನ ನಾಮ' ಎಂದರೆ ಕಥೋಲಿಕ ರೂಢಿ 'ನಿಮ್ಮ ನಾಮ' ಎನ್ನುತ್ತದೆ. ಹಿರಿಯರ ಮುಂದೆ ಬಹುವಚನವೇ ಮರ್ಯಾದೆ ಎಂದು ಬೆಳೆದವರಿಗೆ ಜೆ.ವಿ. ಒರಟು ಅನ್ನಿಸಬಹುದು. ಆದರೆ ವಚನ, ಕೀರ್ತನೆಗಳಲ್ಲಿ ಕನ್ನಡದ ಭಕ್ತರು ದೇವರನ್ನು ಕರೆದದ್ದು 'ನೀನು' ಎಂದೇ. ಅದು ಅಗೌರವವಲ್ಲ, ಸಲಿಗೆ. ತಂದೆ ಎಂದು ಕರೆದು ಶುರುವಾಗುವ ಪ್ರಾರ್ಥನೆಗೆ ಆ ಸಲಿಗೆ ಒಪ್ಪುತ್ತದೆ. ಜೆ.ವಿ. ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ: 'ಪರಿಶುದ್ಧವೆಂದು ಎಣಿಸಲ್ಪಡಲಿ'. ಈ 'ಲ್ಪಡು' ಕನ್ನಡದ ನಾಲಿಗೆಗೆ ಕಲ್ಲು. ಸಿ.ಎಲ್. ಓದುವವರಿಗೆ 'ಪೂಜಿತವಾಗಲಿ' ಸರಾಗ. ಆದರೆ ಪೂಜೆಗೆ ಸಲ್ಲುವುದು, ಪರಿಶುದ್ಧವಾಗಿರುವುದು ಒಂದೇ ಅಲ್ಲ; ಮೂಲದ ಅರ್ಥ ಅಲ್ಲಿ ತುಸು ತೆಳುವಾಗಿದೆ.

ದೇವರ ಹೆಸರೂ ಹಾಗೆಯೇ. ಜೆ.ವಿ. 'ಯೆಹೋವ' ಎಂದು ಹೆಸರು ಹಿಡಿದೇ ಕರೆಯುತ್ತದೆ, ಸಿ.ಎಲ್.ನಲ್ಲಿ ಅದು 'ಸರ್ವೇಶ್ವರ'. ಎರಡನೆಯದು ಕನ್ನಡದ ಕಿವಿಗೆ ಹಿತ, ಆದರೆ ಅದು ಹೆಸರಲ್ಲ, ಪದವಿ.

ಇನ್ನು ಪದಗಳು. ಹೀಬ್ರೂವಿನ 'ಕಾದೋಷ್' ಎಂದರೆ ಬೇರೆಯಾಗಿ ಇಟ್ಟದ್ದು, ಸಾಮಾನ್ಯದಿಂದ ಪ್ರತ್ಯೇಕವಾದದ್ದು. 'ಪರಿಶುದ್ಧ' ಎನ್ನುವಾಗ ನಮಗೆ ಮೊದಲು ಹೊಳೆಯುವುದು ಕೊಳೆಯಿಲ್ಲದ್ದು. ಮಡಿಯ ನೆರಳೂ ಬೀಳುತ್ತದೆ. ಮಡಿಯಾದರೆ ಮುಟ್ಟಿದರೆ ಕೆಡುತ್ತದೆ. ಬೈಬಲಿನಲ್ಲಿ ಆಗುವುದು ಅದರ ತಿರುವುಮುರುವು. ಯೆಶಾಯ 6ರಲ್ಲಿ ಸೆರಾಫಿಯರು (ದೇವರ ಸಿಂಹಾಸನದ ಬಳಿಯ ರೆಕ್ಕೆಯ ದೂತರು) ಮೂರು ಸಲ 'ಪರಿಶುದ್ಧ' ಎಂದು ಕೂಗಿದ ಮೇಲೆ ಪ್ರವಾದಿ ತನ್ನ ತುಟಿ ಅಶುದ್ಧವೆಂದು ಹೆದರುತ್ತಾನೆ. ಆಗ ಬಲಿಪೀಠದ ಕೆಂಡವೇ ಬಂದು ತುಟಿ ಮುಟ್ಟಿ ಪಾಪ ತೊಲಗಿಸುತ್ತದೆ. ಯಾಜಕಕಾಂಡ 13:46ರಂತೆ ಪಾಳೆಯದ ಹೊರಗೆ ಇರಬೇಕಾದ ಕುಷ್ಠರೋಗಿಯನ್ನು ಮಾರ್ಕ 1:41ರಲ್ಲಿ ಯೇಸು ಮುಟ್ಟುತ್ತಾನೆ. ಮೈಲಿಗೆ ಯೇಸುವಿಗೆ ಹತ್ತುವುದಿಲ್ಲ, ಶುದ್ಧಿ ರೋಗಿಗೆ ಹತ್ತುತ್ತದೆ.

ಕನಿಕರದ ಕಡೆ ಜೆ.ವಿ.ಗೆ ಸಾಟಿಯಿಲ್ಲ. ಕನಿಕರ ಎಂಬ ಅರ್ಥದ ಹೀಬ್ರೂವಿನ 'ರಹಮೀಮ್', ಗರ್ಭ ಎಂಬ ಅರ್ಥದ 'ರೆಹೆಮ್', ಎರಡಕ್ಕೂ ಬೇರು ಒಂದೇ. ಯೆಶಾಯ 49:15ರಲ್ಲಿ ಜೆ.ವಿ. ಬಳಸಿದ 'ಮೊಲೆಕೂಸು' ಆ ಬಸಿರಿನ ಬಿಸಿಯನ್ನು ಒಂದೇ ಮಾತಿನಲ್ಲಿ ಹಿಡಿದಿದೆ. ಕೀರ್ತನೆ 103:13ರಲ್ಲಿ 'ಕನಿಕರಿಸು', 'ಭಯಭಕ್ತಿ' ಎರಡೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತಿವೆ. 'ಭಯಭಕ್ತಿ'ಯಂಥ ಜೋಡಿಮಾತು ಕೈಗೆ ಸಿಕ್ಕಿದ್ದು ಅನುವಾದಕರ ಪುಣ್ಯ.

ಎರಡೂ ಅನುವಾದಗಳ ನಿಜವಾದ ಪರೀಕ್ಷೆ ಹೋಶೇಯ 11:8-9. ಎಫ್ರಾಯೀಮನ್ನು, ಅಂದರೆ ತಪ್ಪು ಮಾಡಿದ ಇಸ್ರಾಯೇಲ್ ಜನರನ್ನು, ಹೇಗೆ ಬಿಟ್ಟುಬಿಡಲಿ ಎಂದು ದೇವರ ಕರುಳು ಮರುಗುತ್ತದೆ. ದಂಡಿಸದೆ ಬಿಡುವುದಕ್ಕೆ ಕೊಡುವ ಕಾರಣ: ನಾನು ದೇವರು, ಮನುಷ್ಯನಲ್ಲ, ನಿಮ್ಮ ನಡುವೆ ಇರುವ ಪರಿಶುದ್ಧ. ಅಂದರೆ ಪರಿಶುದ್ಧತೆಯನ್ನು ಬದಿಗಿಟ್ಟು ಕನಿಕರಿಸಿದ್ದಲ್ಲ, ಪರಿಶುದ್ಧನಾದ್ದರಿಂದಲೇ ಕನಿಕರಿಸಿದ್ದು. ಆ 'ಏಕೆಂದರೆ' ಎಂಬ ಕೊಂಡಿ ನಿಮ್ಮ ಅನುವಾದದಲ್ಲಿ ಕಾಣುತ್ತದೆಯೇ ಎಂದು ನೋಡಿ. ವಾಕ್ಯವನ್ನು ಎರಡು ತುಂಡು ಮಾಡಿ ಓದಿದರೆ ಕೋಪದ ದೇವರೊಬ್ಬ, ಪ್ರೀತಿಯ ದೇವರೊಬ್ಬ ಎಂದು ಇಬ್ಬರಾಗಿಬಿಡುತ್ತಾರೆ.

ಆಪ್‌ನಲ್ಲಿ ಇದನ್ನು ನೋಡುವುದು ಸುಲಭ. ಅಧ್ಯಾಯದ ಹೆಸರಿನ ಪಕ್ಕದಲ್ಲಿರುವ ಅನುವಾದದ ಗುರುತು ಒತ್ತಿ, ಭಾಷೆ ಕನ್ನಡ ಮಾಡಿ, ಅನುವಾದ ಆರಿಸಿ. ವಾಕ್ಯದ ಮೇಲೆ ಬೆರಳಿಟ್ಟರೆ ಹೋಲಿಕೆಯ ಆಯ್ಕೆ ಬರುತ್ತದೆ, ಅದಕ್ಕೆ ಜೆ.ವಿ., ಸಿ.ಎಲ್. ಎರಡನ್ನೂ ಸೇರಿಸಿಕೊಳ್ಳಿ. ಹುಡುಕಾಟಕ್ಕೆ ಮಾತ್ರ ತಾಳ್ಮೆ ಬೇಕು. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುವುದರಿಂದ 'ಕನಿಕರ' ಎಂದು ಹುಡುಕಿ ಅಷ್ಟಕ್ಕೇ ನಿಲ್ಲಬೇಡಿ. 'ಕನಿಕರವು', 'ಕನಿಕರಪಟ್ಟು', 'ಕನಿಕರಿಸು' ಬೇರೆಬೇರೆ ಕೊಟ್ಟು ನೋಡಿ. ಸಿ.ಎಲ್.ನಲ್ಲಿ ಅದೇ ಜಾಗದಲ್ಲಿ ಬೇರೆ ಪದವೇ ಇರಬಹುದು, ಆದ್ದರಿಂದ ಪದಕ್ಕಿಂತ ಅಧ್ಯಾಯ, ವಾಕ್ಯದ ಸಂಖ್ಯೆ ಹಿಡಿದು ಹೋಗುವುದೇ ಲೇಸು.

ಪ್ರಾರ್ಥನೆಗೆ ಜೆ.ವಿ., ಸಭೆಯಲ್ಲಿ ಗಟ್ಟಿಯಾಗಿ ಓದುವುದಕ್ಕೆ ಸಿ.ಎಲ್. ಹೊಸಬರು ಲೂಕ 15:20ರಿಂದ ಆರಂಭಿಸಲಿ. ಜೆ.ವಿ.ಯಲ್ಲಿ ಓಡಿಬಂದ ತಂದೆ, ಮನೆಬಿಟ್ಟು ಹೋಗಿ ಮರಳಿದ ಮಗನ ಕೊರಳನ್ನು ಅಪ್ಪಿಕೊಂಡು ಮುದ್ದಿಡುವುದು ಅಲ್ಲಿಯೇ.